ಆರು ಮತ್ತೊಂದು

ಗೋಡೆಗೂ ಕಿವಿ ಇರುತ್ತದೆ ಎಂದ ಹಿರಿಯರು ಬಾಯಿಯ ಸುದ್ದಿ ಎತ್ತಿರಲಿಲ್ಲ. ಅದಕ್ಕೆ ಬಾಯಿಯೂ ಇದೆ ಎಂದು ಮೈಸೂರಿನ ಕಮಾನು ಮಾರ್ಕೆಟ್ಟಿನವರಿಗೆ ಗೊತ್ತಾದಾಗ ಅರ್ಧ ಮಾರ್ಕೆಟ್ಟು ಖುಷಿಪಟ್ಟಿತು. ಇನ್ನರ್ಧ ಮಾರ್ಕೆಟ್ಟು, ನಮ್ಮಪ್ಪ ಆ ಗೋಡೆ ಮುಂದೆ ಕೂತು ಯಾರ್ಯಾರನ್ನು ಏನೇನು ಬೈದಿದ್ದಾನೋ ಎಂದು ಬೆವರಿತು.

ಬೆವರಬೇಕಾಗಿರಲಿಲ್ಲ. ಒಮ್ಮೆ ಆಡಿದ ಮಾತು ಗೋಡೆಗೆ ಹತ್ತುವುದಿಲ್ಲ. ಆ ಮಾರ್ಕೆಟ್ಟನ್ನು ಕಟ್ಟಿದ್ದು ಸಿಮೆಂಟಿನಲ್ಲಲ್ಲ, ಗಾರೆಯಲ್ಲಿ. ಸುಟ್ಟ ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕಿ ಅರೆದ ಗಾರೆ ಒಂದು ವಾರಕ್ಕೆ ಗಟ್ಟಿಯಾಗಿ ಮುಗಿಯುವ ಜಾತಿಯಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ದಿನಾ ಒಂದಿಷ್ಟು ಹೀರಿಕೊಂಡು, ಒಂದು ಕೂದಲನ್ನು ನೂರಾಗಿ ಸೀಳಿದರೆ ಒಂದು ಸೀಳು ಎಷ್ಟೋ ಅಷ್ಟು ಮಾತ್ರ ದಿನಕ್ಕೆ ಕಲ್ಲಾಗುತ್ತದೆ. ಮೇಲಿನಿಂದ ಒಳಕ್ಕೆ ಹೀಗೆ ನೂರು ವರ್ಷ ಹೋಗುತ್ತಲೇ ಇರುತ್ತದೆ. ಆ ದಿನದ ಪದರ ಕಲ್ಲಾಗುವಾಗ ಎದುರಿಗೆ ಹೊರಟ ದನಿಯ ನಡುಕ ಅದರ ಹರಳುಗಳಲ್ಲಿ ಒಂದು ಗೀರು ಎಳೆಯುತ್ತದೆ. ಒಂದು ಗೀರಿನಿಂದ ಏನೂ ತಿಳಿಯುವುದಿಲ್ಲ. ಆದರೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಒಂದೇ ಮಾತನ್ನು ವರ್ಷಗಟ್ಟಲೆ ಆಡಿದರೆ ಆ ಮಾತು ಉಳಿಯುತ್ತದೆ.

ಬೆಳಕಿನ ಕಿರಣ ಹಾಯಿಸಿ ಈ ಗೀರುಗಳನ್ನು ಓದುವ ಯಂತ್ರ ಮಾಡಿದವಳು ಲವೀನಾ ಮೆಂಡೋನ್ಸಾ, ಮಂಗಳೂರಿನ ಹುಡುಗಿ, ಧ್ವನಿವಿಜ್ಞಾನ ಓದಿದವಳು. ಯಂತ್ರಕ್ಕೆ ಅವಳಿಟ್ಟ ಹೆಸರು ಗಾರೆಗಿವಿ. "ಗೋಡೆಗೆ ನೆನಪಿರುವುದು ರೂಢಿ ಮಾತ್ರ. ನಿಮ್ಮ ಗುಟ್ಟು ಯಾವುದೂ ಅದಕ್ಕೆ ಗೊತ್ತಿಲ್ಲ," ಎಂದು ಅವಳು ಸಭೆ ಸೇರಿಸಿ ಸಮಾಧಾನ ಹೇಳಿದ ಮೇಲೆ ಮಾರ್ಕೆಟ್ಟಿನ ಗಂಡಸರು ನೆಮ್ಮದಿಯಾಗಿ ಟೀ ಕುಡಿದರು.

ನೂರ ಮೂವತ್ತು ವರ್ಷದ ಕಟ್ಟಡ. ಕಮಾನುಗಳು ಬಿರುಕು ಬಿಟ್ಟಿದ್ದವು. ಅದನ್ನು ಬಿಚ್ಚಿ ಅದೇ ಜಾಗದಲ್ಲಿ ಹೊಸದು ಕಟ್ಟುವುದೆಂದೂ, ವ್ಯಾಪಾರಿಗಳು ಕೂರುವ ಪ್ರತಿ ಕಟ್ಟೆಯ ಹಿಂದಿನ ಹಳೇ ಗಾರೆಯನ್ನು ಹಲಗೆಯ ಹಾಗೆ ಕೊಯ್ದಿಟ್ಟು ಹೊಸ ಕಟ್ಟೆಯ ಹಿಂದೆ ಮತ್ತೆ ಕೂರಿಸುವುದೆಂದೂ ಮಾರುಕಟ್ಟೆ ಪುನರ್‌ನಿರ್ಮಾಣ ಮಂಡಳಿ ತೀರ್ಮಾನಿಸಿತು. ಯಾವ ಕಟ್ಟೆ ಯಾರದು ಎಂಬ ದಾಖಲೆಯನ್ನು ಗೆದ್ದಲು ತಿಂದಿತ್ತು. ಹಾಗಾಗಿ ಗೋಡೆ ಯಾರ ದನಿ ಹೇಳುತ್ತದೋ ಕಟ್ಟೆ ಅವರಿಗೆ ಅಥವಾ ಅವರ ವಾರಸುದಾರರಿಗೆ ಎಂದಾಯಿತು. ಗಂಟಲು, ಮೂಗಿನ ಗೂಡು ಎಲ್ಲ ವಂಶದಲ್ಲಿ ಇಳಿದು ಬರುವುದರಿಂದ ಅಪ್ಪನ ದನಿಗೆ ಮಗನ ದನಿ ಹೊಂದಿಸಿ ನೋಡುವುದು ಗಾರೆಗಿವಿಗೆ ಕಷ್ಟವೇನಲ್ಲ. ಕೇಳುವುದಕ್ಕೆ ಎಷ್ಟು ಚೆನ್ನಾಗಿತ್ತು! ವೀಳ್ಯದೆಲೆ ಮಾರುವ ದೇವೀರಮ್ಮ ಕೂಡ ತಲೆದೂಗಿ, ಅರ್ಜಿ ಬರೆಸಿ ಬಂದಿದ್ದಳು.

ಪಟ್ಟಿ ಹಾಕಿದ ದಿನ ನೋಡಿದರೆ ಎಲೆ ಸಾಲಿನ ಹನ್ನೆರಡು ಕಟ್ಟೆಯಲ್ಲಿ ಹನ್ನೊಂದಕ್ಕೆ ಹೆಸರಿತ್ತು. ದೇವೀರಮ್ಮನದು ಇರಲಿಲ್ಲ. ಅವಳ ಕಟ್ಟೆ ಇದ್ದ ಜಾಗದಲ್ಲಿ ಹೊಸ ನಕ್ಷೆ ಒಂದು ಓಣಿ ತೋರಿಸುತ್ತಿತ್ತು.

ಜೊತೆಗೆ ಬಂದಿದ್ದ ಗಂಡ ರಾಚಯ್ಯ ಕನ್ನಡಕ ಏರಿಸಿ ಕೆಳಗಿನ ಷರಾ ಓದಿದ. ಅವನು ನಿವೃತ್ತ ಬಸ್ ಕಂಡಕ್ಟರು. ಈಗಿನ ಬಸ್ಸುಗಳಿಗೆ ಡ್ರೈವರೂ ಇಲ್ಲ ಕಂಡಕ್ಟರೂ ಇಲ್ಲ, ಆದರೂ ಸಣ್ಣ ಅಕ್ಷರ ಓದುವ ಅಭ್ಯಾಸ ಅವನಿಗೆ ಹೋಗಿರಲಿಲ್ಲ.

"ನೀನು ಎರಡು ಕಟ್ಟೆ ಕೇಳಿದ್ದೀಯಂತೆ ಕಣೇ. ಒಂದಕ್ಕಿಂತ ಹೆಚ್ಚು ಕೇಳಿರುವುದರಿಂದ ತಿರಸ್ಕೃತ ಅಂತ ಬರ್ದವ್ರೆ."

"ನಾನ್ಯಾವಾಗ ಎರಡು ಕೇಳ್ದೆ?"

"ಒಂದರ ಮೇಲೆ ಕುಂತ್ಕೊಳ್ಳೋಕೆ, ಇನ್ನೊಂದರ ಮೇಲೆ ಕಾಲು ನೀಡ್ಕೊಳ್ಳೋಕೆ ಅಂತ ಕೇಳಿರ್ಬೇಕು."

"ನಿಮ್ಮ ತಮಾಷೆಗೆ ಬೆಂಕಿ ಹಾಕ," ಎಂದಳು ದೇವೀರಮ್ಮ. ರಾಚಯ್ಯ ಕನ್ನಡಕ ತೆಗೆದು ಜೇಬಿಗಿಟ್ಟ.

ಆ ಕಟ್ಟೆಗೆ ಅವಳು ಬಂದದ್ದು ಮೂವತ್ತೊಂದು ವರ್ಷದ ಹಿಂದೆ, ಅತ್ತೆ ಕೆಂಪಾಜಮ್ಮನ ಹಿಂದೆ ಹಿಂದೆ. ಅತ್ತೆಯದು ಸಾಮಾನ್ಯ ಬಾಯಲ್ಲ. ಕೂಗುವುದು, ಕರೆಯುವುದು, ಚೌಕಾಶಿ, ಜಗಳ ಎಲ್ಲ ಅವಳದೇ. ಸೊಸೆ ಹಿಂದೆ ಕೂತು ಎಲೆ ಜೋಡಿಸಬೇಕು, ಅಷ್ಟೆ. ಇಬ್ಬರು ಮಕ್ಕಳಿಗೆ ತಿಂಡಿ ಮಾಡಿ, ಮೊದಲ ಪಾಳಿಗೆ ಹೋಗುವ ಗಂಡನಿಗೆ ಬುತ್ತಿ ಕಟ್ಟಿ ಅವಳು ಓಡಿ ಬರುವಷ್ಟರಲ್ಲಿ ಮಾರ್ಕೆಟ್ಟು ತುಂಬಿರುತ್ತಿತ್ತು. "ಈಗ್ ಬಂದ್ಯಾ, ಮಾರಾಣಿ?" ಎಂದು ಅತ್ತೆ ಇಡೀ ಸಾಲಿಗೆ ಕೇಳುವ ಹಾಗೆ ದಿನಾ ಸ್ವಾಗತ ಮಾಡುತ್ತಿದ್ದಳು. ಅವಳು ಸತ್ತು ಇಪ್ಪತ್ತು ವರ್ಷವಾದರೂ ದೇವೀರಮ್ಮನಿಗೆ ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು. ಸತ್ತ ಮೇಲೆ ಸಾಲಿನ ಹಿರಿಯರು "ನೀನೇ ಕುಂತ್ಕೊ ತಾಯಿ" ಎಂದರು. ಪಾಪ ಅಂತ ಬಿಟ್ಟುಕೊಟ್ಟರು ಎಂದೇ ಅವಳು ತಿಳಿದಿದ್ದಳು.

ಎಲೆ ಸಾಲಿನಲ್ಲಿ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಆರಕ್ಕೆ, ಬೋಣಿಗೆ ಮುಂಚೆ, ಸಾಲಿನ ಹಿರಿಯರು ಕಟ್ಟೆಗಳನ್ನು ಒಂದೊಂದಾಗಿ ಎಣಿಸಿ ಕೂಗಬೇಕು. ಕೂತವರು "ಕುಂತೆ" ಎನ್ನಬೇಕು. ಯಾರ ಹೆಸರಲ್ಲಿ ಉತ್ತರ ಬರುತ್ತದೋ ಕಟ್ಟೆ ಅವರದು. ಕಾಗದ ಪತ್ರ ಗೆದ್ದಲಿಗೆ ಹೋದರೂ ಈ ಕೂಗು ಗೋಡೆಯಲ್ಲಿ ಚೆನ್ನಾಗಿ ಉಳಿದಿತ್ತು. ಗಾರೆಗಿವಿ ಅದನ್ನೇ ಹಿಡಿದು ನಕ್ಷೆ ಬಿಡಿಸಿತ್ತು. ಮಾರ್ಕೆಟ್ಟನ್ನು ಬಸ್ ಸ್ಟ್ಯಾಂಡ್ ಹಿಂದಿನ ತಗಡಿನ ಶೆಡ್ಡಿಗೆ ಹಾಕಿದ್ದರೂ ಎಲೆ ಸಾಲಿನವರು ಪದ್ಧತಿ ಬಿಟ್ಟಿರಲಿಲ್ಲ. ಕೂಗುವವರು ಹಯಾತ್ ಸಾಬ್ರು, ಎಪ್ಪತ್ತೆಂಟು ವರ್ಷ, ದೇವೀರಮ್ಮನ ಪಕ್ಕದ ಕಟ್ಟೆಯವರು. ಅವರಿಗಿಂತ ಮುಂಚೆ ಅವರ ಅಪ್ಪ ಕೂಗುತ್ತಿದ್ದರು.

ಪಟ್ಟಿ ಬಂದ ಮಾರನೇ ದಿನ ಸಾಬ್ರು ನಾಲ್ಕು, ಐದು ಕೂಗಿ, ಆರು ಎಂದು ತಾವೇ ಕೂಗಿ ತಾವೇ "ಕುಂತೆ" ಎಂದುಕೊಂಡು, ಒಂದು ಗಳಿಗೆ ನಿಂತು, ಸೀದಾ ಎಂಟಕ್ಕೆ ಹಾರಿದರು. ದೇವೀರಮ್ಮ ಬಾಯಿ ತೆರೆದವಳು ತೆರೆದ ಹಾಗೇ ಇದ್ದಳು.

"ಸಾಬ್ರೇ, ನನ್ನ ಬಿಟ್ಬಿಟ್ರಲ್ಲ."

ಸಾಬ್ರು ಎಲೆಯ ಮೇಲೆ ನೀರು ಚಿಮುಕಿಸುತ್ತಲೇ ಇದ್ದರು. "ನೋಟೀಸು ಬಂದಿದೆ ನಮ್ಗೆ. ನನ್ನ ಕಟ್ಟೆ ನಿಂಗೆ ಬೇಕಂತೆ. ಇಷ್ಟು ವರ್ಷ ಪಕ್ಕದಲ್ಲಿ ಕುಂತು ಅರ್ಧರ್ಧ ಟೀ ಕುಡಿದಿದ್ದೀವಲ್ಲ ತಂಗಿ, ಬಾಯಿಬಿಟ್ಟು ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ? ಕದ್ದು ಯಾಕೆ ಬರ್ಸಿದೆ?"

"ಅಲ್ಲಾ ಸಾಬ್ರೇ, ನಿಮ್ಮ ಕಟ್ಟೆ ನಾನ್ಯಾಕೆ..."

"ಎಂಟು!" ಎಂದು ಸಾಬ್ರು ಇನ್ನೊಮ್ಮೆ ಜೋರಾಗಿ ಕೂಗಿದರು.

ಕಟ್ಟೆ ಹೋದದ್ದಕ್ಕಿಂತ ಇದು ಅವಳನ್ನು ಹೆಚ್ಚು ಸುಟ್ಟಿತು. ಕಳ್ಳಿ ಅಂದಹಾಗಾಯಿತಲ್ಲ! ಎಲೆಬುಟ್ಟಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಸೆರಗು ಬಿಗಿದು, ಹೊರಟೇಬಿಟ್ಟಳು.

ಗಾರೆಗಿವಿ ಇದ್ದದ್ದು ಒಂದು ಹಳೇ ರೇಷ್ಮೆ ಗೋದಾಮಿನಲ್ಲಿ. ಕೊಯ್ದ ಗಾರೆಯ ಹಲಗೆಗಳನ್ನು ಸಾಲುಸಾಲು ಅಟ್ಟಣಿಗೆಯ ಮೇಲೆ ಜೋಡಿಸಿದ್ದರು. ನಡುವೆ ಬಟ್ಟೆ ಹೊಲಿಯುವ ಮಿಷನ್ನಿನಷ್ಟು ದೊಡ್ಡದೊಂದು ಯಂತ್ರ ಹಲಗೆಯೊಂದರ ಮೇಲೆ ನೀಲಿ ಬೆಳಕನ್ನು ಮೆಲ್ಲಗೆ ಆಡಿಸುತ್ತಿತ್ತು. ಅದರ ಮುಂದೆ ಲವೀನಾ ಬರಿಗಾಲಲ್ಲಿ ಕೂತಿದ್ದಳು. ನೆಲ ಅದುರಿದರೆ ಯಂತ್ರಕ್ಕೆ ತೊಂದರೆಯಂತೆ. ದೇವೀರಮ್ಮ ಚಪ್ಪಲಿ ಬಾಗಿಲಲ್ಲಿ ಬಿಟ್ಟೇ ಬಂದಿದ್ದಳು, ಆದರೆ ಬಾಯನ್ನು ಬಿಟ್ಟು ಬಂದಿರಲಿಲ್ಲ.

"ಮೇಡಮ್ಮೋರೆ, ನಾನು ಒಂದೇ ಕಟ್ಟೆ ಹೇಳಿದ್ದು."

"ಇಲ್ಲ ಅಮ್ಮ, ಎರಡು ಹೇಳಿದ್ದೀರಿ. ಅರ್ಜಿ ಬರೆದುಕೊಂಡದ್ದು ನಾನೇ. ನನ್ನ ಕಿವಿಯಲ್ಲೇ ಕೇಳಿದ್ದು."

"ಒಂದೇ!"

"ಎರಡು, ಅಮ್ಮ."

"ಗೋಡೆ ಮಾತು ಕೇಳೋ ಕಿವಿಗೆ ಮನುಷ್ಯರ ಮಾತು ಕೇಳ್ಸಲ್ವಾ?"

ಲವೀನಾಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅವಳು ಕುರ್ಚಿ ಎಳೆದು ಕೂರಿಸಿ ಕಾಫಿ ತರಿಸಿದಳು. ದೇವೀರಮ್ಮನಿಗೂ ಕಾಫಿ ಎದುರಿಗಿಟ್ಟುಕೊಂಡು ಜಗಳ ಮುಂದುವರಿಸುವುದು ಸರಿಕಾಣಲಿಲ್ಲ. ಎರಡು ಗುಟುಕು ಆದ ಮೇಲೆ ಲವೀನಾ ಬಹಳ ದಿನದಿಂದ ತಲೆ ಕೊರೆಯುತ್ತಿದ್ದ ಪ್ರಶ್ನೆ ಕೇಳಿದಳು.

"ಅಮ್ಮ, ನಿಮ್ಮ ಮಾರ್ಕೆಟ್ಟಿನಲ್ಲಿ ಲಾಭಯ್ಯ ಎಂದು ಯಾರಾದರೂ ಇದ್ದದ್ದು ಗೊತ್ತುಂಟಾ?"

"ಲಾಭಯ್ಯ?"

"ಭಾರೀ ದೊಡ್ಡ ವ್ಯಾಪಾರಿ ಮಾರಾಯ್ರೆ. ಎಲೆ ಸಾಲು, ಹೂವಿನ ಸಾಲು, ಕಾಳಿನ ಸಾಲು, ಎಲ್ಲಿ ನೋಡಿದರೂ ಮೊದಲ ಕಟ್ಟೆ ಅವನದ್ದೇ. ಬೆಳಿಗ್ಗೆ ಎಲ್ಲರೂ ಮೊದಲು ಕೂಗುವುದು ಅವನನ್ನೇ, ಲಾಭ, ಲಾಭ ಎಂದು. ನೂರ ಮೂವತ್ತು ವರ್ಷ ಒಬ್ಬನೇ ಬದುಕುವುದು ಹೇಗೆ? ಮನೆತನದ ಹೆಸರು ಇರಬೇಕು ಎಂದು ವರದಿಯಲ್ಲಿ ಎರಡು ಪುಟ ಬರೆದಿದ್ದೇನೆ. ಹೊಸ ಮಾರ್ಕೆಟ್ಟಿನ ಹೆಬ್ಬಾಗಿಲಿಗೆ ಅವನ ಹೆಸರಿಡುವ ಮಾತೂ ಉಂಟು."

ದೇವೀರಮ್ಮ ಲೋಟ ಕೆಳಗಿಟ್ಟಳು. ಮೊದಲು ಅವಳ ಭುಜ ಕುಣಿಯಿತು, ಆಮೇಲೆ ಹೊಟ್ಟೆ, ಆಮೇಲೆ ಕಣ್ಣಲ್ಲಿ ನೀರು ಬಂತು. "ಅಯ್ಯೋ ನನ್ನ ತಾಯೀ! ಲಾಭ ಅಂದ್ರೆ ಮನುಷ್ಯ ಅಲ್ಲ ಕಣವ್ವ, ಒಂದು! ಯಾಪಾರದೋರು ಬೆಳಬೆಳಿಗ್ಗೆ ಒಂದು, ಎರಡು ಅಂತ ಎಣಿಸ್ತಾರಾ? ಲಾಭ ಅಂತ ಶುರು ಮಾಡ್ಬೇಕು. ಲಾಭ, ಎರಡು, ಮೂರು. ಕಾಳು ಅಳೆಯೋರೂ ಹಂಗೇ, ಎಲೆ ಎಣಿಸೋರೂ ಹಂಗೇ."

ಲವೀನಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. "ದೇವರೇ, ಎರಡು ಪುಟ! ಇನ್ನು ಇಂಥದ್ದು ಎಷ್ಟು ಉಂಟೋ ನಿಮ್ಮಲ್ಲಿ."

"ಇಲ್ದೇ ಇರೋ ಲಾಭಯ್ಯನಿಗೆ ಹೆಬ್ಬಾಗ್ಲು ಕೊಡೋರು, ಇರೋ ನಂಗೆ ಒಂದು ಕಟ್ಟೆ ಕೊಡಕ್ಕಾಗಲ್ವಾ?" ಎಂದಳು ದೇವೀರಮ್ಮ, ಕಣ್ಣೊರೆಸಿಕೊಳ್ಳುತ್ತ.

ಹುಡುಗಿ ಮರ್ಯಾದಸ್ಥೆ. ಭಾನುವಾರ ಮನೆಗೇ ಬರುತ್ತೇನೆ, ಮಾರ್ಕೆಟ್ಟಿನ ಲೆಕ್ಕ ಪೂರ್ತಿ ಕಲಿಸಿ ಎಂದಳು. ಹೇಳಿದ ಹಾಗೇ ಭಾನುವಾರ ಹತ್ತು ಗಂಟೆಗೆ ಕ್ಯಾತಮಾರನಹಳ್ಳಿಯ ಆ ಚಿಕ್ಕ ಮನೆಯ ಹಜಾರದಲ್ಲಿ ಬಂದು ಚಾಪೆಯ ಮೇಲೆ ಕೂತಳು. ರಾಚಯ್ಯ ಮಂಡಿನೋವಿನ ಎಣ್ಣೆ ತಿಕ್ಕಿಕೊಳ್ಳುತ್ತ ಗೋಡೆಗೊರಗಿದ್ದ. ಎಲೆಯ ಹೊರೆ ಬಿಚ್ಚಿ, ಕೊಳೆತದ್ದು ತೆಗೆದು, ನೂರು ನೂರರ ಕಟ್ಟು ಮಾಡುವ ಕೆಲಸ ನಡೆಯುತ್ತಿತ್ತು. ನೋಡುತ್ತ ಕೂರಲಾರದೆ ಲವೀನಾ ತಾನೂ ಕೈ ಹಾಕಿದಳು. ಕಲಿತದ್ದನ್ನು ತೋರಿಸುವ ಹುರುಪಿನಲ್ಲಿ ಜೋರಾಗಿಯೇ ಎಣಿಸತೊಡಗಿದಳು.

"ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಏಳು..."

ದೇವೀರಮ್ಮ ಧಡಕ್ಕನೆ ಅವಳ ಬಾಯಿ ಮುಚ್ಚಿದಳು. ಕೈಯಲ್ಲಿದ್ದ ಎಲೆಯೆಲ್ಲ ಚೆಲ್ಲಿತು.

"ಬಿಡ್ತು ಅನ್ನು! ಬಿಡ್ತು ಅನ್ನು ಮೊದ್ಲು!"

"ಬಿ... ಬಿಡ್ತು," ಎಂದಳು ಲವೀನಾ, ಏನು ತಪ್ಪಾಯಿತೆಂದು ತಿಳಿಯದೆ.

"ಕುಂತು ಯಾಪಾರ ಮಾಡೋರ ಮುಂದೆ ಯಾರಾದ್ರೂ ಏಳು ಅಂತಾರಾ? ಎದ್ದೋಗು ಅಂದಂಗೆ ತಾನೆ? ಕಟ್ಟೆ ಬಿಟ್ಟು ಏಳು ಅಂದಂಗೆ! ಎಲೆ ಸಾಲು ಹುಟ್ಟಿದಾಗಿಂದ ಯಾರೂ ಆ ಮಾತು ಆಡಿಲ್ಲ."

ರಾಚಯ್ಯ ಮೂಲೆಯಿಂದ ನಕ್ಕ. "ಮೇಡಂ, ನಾನು ಡ್ಯೂಟೀಲಿದ್ದಾಗ ಇವಳಿಗೆ ಒಂದ್ಸಲ ಸೀಟ್ ನಂಬರ್ ಏಳು ಅಂದೆ. ಊರು ಬರೋವರೆಗೂ ನಿಂತೇ ಬಂದ್ಲು."

ಲವೀನಾ ನಗಲಿಲ್ಲ. ಅವಳು ಚೆಲ್ಲಿದ ಎಲೆಗಳನ್ನೇ ನೋಡುತ್ತಿದ್ದಳು. "ಹಾಗಾದರೆ ಆರು ಆದ ಮೇಲೆ ಎಂತ ಹೇಳುವುದು ಅಮ್ಮ?"

"ಆರ್ ಮತ್ತೊಂದು."

"ಇನ್ನೊಮ್ಮೆ ಹೇಳಿ."

"ಆರ್ ಮತ್ತೊಂದು. ಆಮೇಲೆ ಎಂಟು. ಯಾಕವ್ವ, ಹಂಗೆ ಬೆವರ್ತಾ ಇದ್ದೀಯ?"

"ನಿಮ್ಮ ಕಟ್ಟೆ ಎಷ್ಟನೆಯದು?"

"ಅವತ್ತು ಅರ್ಜಿ ಬರ್ಸೋವಾಗ್ಲೇ ಹೇಳ್ದೆನಲ್ಲ. ಆರ್ ಮತ್ತೊಂದು ಅಂತ."

ಲವೀನಾ ಹಣೆ ಹಣೆ ಬಡಿದುಕೊಂಡಳು. ಅವಳು ಬರೆದುಕೊಂಡದ್ದು 'ಆರು, ಮತ್ತೊಂದು' ಎಂದು. ಆರನೆಯದೂ ಬೇಕು, ಇನ್ನೊಂದೂ ಬೇಕು! ಅವಳ ಯಂತ್ರವೂ ಗೋಡೆಯಲ್ಲಿ ಆರು ಕೇಳಿ, ಮತ್ತೊಂದು ಎಂಬುದನ್ನು ಸುಮ್ಮನೆ ಬಾಯಿಮಾತು ಎಂದು ತಳ್ಳಿ, ಎಂಟಕ್ಕೆ ಹೋಗಿ, ನಡುವೆ ಉಳಿದ ಜಾಗಕ್ಕೆ ಓಣಿ ಎಂದು ಹೆಸರು ಕೊಟ್ಟಿತ್ತು. ಅವಳು ವಿವರಿಸಿದ್ದು ಕೇಳಿ ದೇವೀರಮ್ಮನಿಗೆ ಸಿಟ್ಟು ಬರಲೇ ಇಲ್ಲ. ತನ್ನ ಮೇಲಿದ್ದ ಕಳ್ಳಿ ಎಂಬ ಹೊರೆ ಇಳಿದದ್ದೇ ಸಾಕಾಗಿ, ಹುಡುಗಿಗೆ ಎರಡು ಮುದ್ದೆ ಉಣ್ಣಿಸಿ ಕಳಿಸಿದಳು. ಮುದ್ದೆ ನುಂಗಲು ಬರದೆ ಲವೀನಾ ಅಗಿದಳು. ಅದಕ್ಕೂ ರಾಚಯ್ಯ ನಕ್ಕ.

ಲವೀನಾ ಅಲ್ಲಿಂದ ಸೀದಾ ಹಯಾತ್ ಸಾಬರ ಮನೆಗೆ ಹೋಗಿ ತಪ್ಪೊಪ್ಪಿಕೊಂಡಳು. ಮಾರನೇ ದಿನ ಶೆಡ್ಡಿನಲ್ಲಿ ಸಾಬ್ರು ಎಂದಿನ ಹಾಗೆ ಕೂಗುತ್ತ ಬಂದು, "ಆರ್ ಮತ್ತೊಂದು!" ಎಂದರು. ದೇವೀರಮ್ಮ "ಕುಂತೆ" ಎಂದಳು. ಸಾಬ್ರು ಎಂಟಕ್ಕೆ ಹೋಗದೆ ಮತ್ತೆ, "ಆರ್ ಮತ್ತೊಂದು!" ಎಂದರು. ಹಾಗೆ ಐದು ಸಲ ಕೂಗಿದರು.

"ಯಾಕೆ ಸಾಬ್ರೇ, ಕಿವಿ ಕೇಳ್ಸಲ್ವಾ?"

"ನಾಲ್ಕು ದಿನ ಬಿಟ್ಟಿದ್ದೆನಲ್ಲ ತಂಗಿ. ಅದನ್ನೂ ಸೇರಿಸ್ದೆ," ಎಂದರು ಸಾಬ್ರು, ಮುಖ ಆ ಕಡೆ ತಿರುಗಿಸಿಕೊಂಡು. ಅವತ್ತು ಇಡೀ ಟೀ ಅವಳಿಗೇ ಕೊಡಿಸಿದರು.

ಇಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಕಟ್ಟೆ ಇತ್ತು ಎಂದು ಸಾಬೀತಾಯಿತು, ಆದರೆ ಅದು ದೇವೀರಮ್ಮನದು ಎಂದು ಯಾರು ಹೇಳಬೇಕು? ಇಪ್ಪತ್ತೆರಡು ವರ್ಷದ ಹಿಂದೆ ಗೋಡೆಗೆಲ್ಲ ಎಣ್ಣೆ ಬಣ್ಣ ಬಳಿದಿದ್ದರು. ಅಂದಿನಿಂದ ಗಾರೆಗೆ ಗಾಳಿ ತಪ್ಪಿ ಅದು ಕಿವುಡಾಗಿತ್ತು. ಅದಕ್ಕಿಂತ ಮುಂಚಿನ ದನಿ ಸಿಗುವುದು ಕೆಂಪಾಜಮ್ಮನದು. ಅಪ್ಪನಿಗೆ ಮಗನನ್ನು, ತಾಯಿಗೆ ಮಗಳನ್ನು ಗಾರೆಗಿವಿ ಹೊಂದಿಸೀತು. ಅತ್ತೆಯ ಗಂಟಲು ಸೊಸೆಗೆ ಬರುತ್ತದೆಯೆ?

ವಿಚಾರಣೆ ಗೋದಾಮಿನಲ್ಲೇ ನಡೆಯಿತು. ಮಂಡಳಿಯ ಅಧಿಕಾರಿ ಚಂದ್ರಮೌಳಿ ಕೆಟ್ಟವರಲ್ಲ. ನಿಯಮದ ಪುಸ್ತಕವನ್ನು ದೇವರ ಪಟದಷ್ಟು ಜೋಪಾನವಾಗಿ ಹಿಡಿದುಕೊಂಡು ಓಡಾಡುವ ಮನುಷ್ಯ, ಅಷ್ಟೆ. ರಾಚಯ್ಯ ಮಂಡಿ ಮಡಿಸಲಾರದೆ ಮನೆಯಲ್ಲೇ ಉಳಿದಿದ್ದ. ದೇವೀರಮ್ಮನ ಜೊತೆಗೆ ಹಯಾತ್ ಸಾಬ್ರು ಬಂದಿದ್ದರು.

"ಒಂದು ಸುಲಭದ ದಾರಿ ಇದೆಯಮ್ಮ," ಎಂದರು ಚಂದ್ರಮೌಳಿ. "ನಿಮ್ಮ ಯಜಮಾನರು ಕೆಂಪಾಜಮ್ಮನವರ ಮಗ. ಅವರ ದನಿ ಹೊಂದುತ್ತೆ. ಕಟ್ಟೆ ಅವರ ಹೆಸರಿಗೆ ಬರೀತೀನಿ. ನೀವು ಕೂತ್ಕೊಂಡು ವ್ಯಾಪಾರ ಮಾಡಿ. ಯಾರು ಬೇಡ ಅಂತಾರೆ?"

ದೇವೀರಮ್ಮ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಸಾಬ್ರು ಕೂಡ ಹೂಂ ಅನ್ನು ಎಂದು ಕಣ್ಣಲ್ಲೇ ಹೇಳಿದರು.

"ನಮ್ಮ ಯಜಮಾನ್ರು ಒಳ್ಳೇರೇ ಸ್ವಾಮಿ. ಆದ್ರೆ ಒಂದು ದಿನ ಆ ಕಟ್ಟೆ ಹತ್ತಿದೋರಲ್ಲ. ಚಿಗುರೆಲೆ ಯಾವ್ದು, ಬಲಿತದ್ದು ಯಾವ್ದು ಅಂತ ಗೊತ್ತಿಲ್ಲ. ಮೂವತ್ತೊಂದು ವರ್ಷ ಕುಂತು ಆ ಕಲ್ಲು ಸವೆಸಿದೋಳು ನಾನು. ನನ್ನ ಹೆಸರಲ್ಲಿ ಕೊಟ್ರೆ ಕೊಡಿ. ಇಲ್ದಿದ್ರೆ ಅಲ್ಲಿ ಓಣಿನೇ ಮಾಡಿ, ಜನ ಓಡಾಡ್ಲಿ."

ಚಂದ್ರಮೌಳಿ ನಿಟ್ಟುಸಿರು ಬಿಟ್ಟು ಲವೀನಾಳ ಕಡೆ ನೋಡಿದರು. ಅವಳು ಮೂರು ದಿನದಿಂದ ಆ ಒಂದು ಹಲಗೆಯ ಜೊತೆಗೇ ಕೂತಿದ್ದಳು. ಕಣ್ಣು ಕೆಂಪಾಗಿತ್ತು. "ಅಮ್ಮನ ದನಿ ಇದರಲ್ಲಿ ಇಲ್ಲ ಸರ್," ಎಂದಳು. "ಆದರೆ ಅಮ್ಮನ ವಿಷಯ ಉಂಟು. ಕೊನೆಯ ಒಂಬತ್ತು ವರ್ಷದ ಪದರ. ಮೊದಲು ಇದು ಕೇಳಿ." ನೀಲಿ ಬೆಳಕು ಹಲಗೆಯ ಮೇಲೆ ಸರಿಯಿತು. ಮಳೆಯ ಸದ್ದಿನ ಹಾಗೆ ಏನೋ ಜರಜರ ಎಂದು, ಅದರೊಳಗಿಂದ ಒಂದು ಹೆಂಗಸಿನ ದನಿ ಬಂತು.

"ಈಗ್ ಬಂದ್ಯಾ, ಮಾರಾಣಿ?"

ಸಾಬ್ರು ಹೋ ಎಂದು ನಕ್ಕುಬಿಟ್ಟರು. ಚಂದ್ರಮೌಳಿಯ ಮೀಸೆಯೂ ಅಲುಗಿತು. ದೇವೀರಮ್ಮನ ಕಿವಿ ಬಿಸಿಯಾಯಿತು. ರೂಢಿ ಮಾತ್ರ ಉಳಿಯುತ್ತದೆ ಎಂದಿದ್ದಳಲ್ಲ ಈ ಹುಡುಗಿ. ಇದು ಉಳಿಯದೆ ಇನ್ನೇನು ಉಳಿದೀತು? ಸತ್ತ ಮೇಲೂ ಅತ್ತೆ ಹತ್ತು ಜನರ ಮುಂದೆ ಮಾನ ಕಳೆದಳು ಎನಿಸಿ ಅವಳಿಗೆ ಅಳು ಒತ್ತಿಕೊಂಡು ಬಂತು.

"ಇದರಿಂದ ಸೊಸೆ ತಡವಾಗಿ ಬರ್ತಿದ್ರು ಅಂತ ಗೊತ್ತಾಯ್ತೇ ಹೊರತು..." ಎಂದರು ಚಂದ್ರಮೌಳಿ.

"ಒಂದು ನಿಮಿಷ ಸರ್. ಇದು ಏಳೂವರೆ ಗಂಟೆಯದ್ದು." ಲವೀನಾ ನಾಲಿಗೆ ಕಚ್ಚಿಕೊಂಡು ದೇವೀರಮ್ಮನ ಕಡೆ ನೋಡಿ, "ಬಿಡ್ತು," ಎಂದಳು. "ಈಗ ಬೆಳಿಗ್ಗೆ ಆರು ಗಂಟೆಯದ್ದು ಹಾಕುತ್ತೇನೆ. ಹಾಜರಿ."

ಮತ್ತೆ ಜರಜರ. ದೂರದಿಂದ ಒಬ್ಬ ಗಂಡಸು ಕೂಗುತ್ತ ಬರುತ್ತಿದ್ದ. ಆರು ಎಂದ. ಕುಂತೆ ಎಂದು ತಾನೇ ಹೇಳಿಕೊಂಡ. "ನಮ್ಮ ಅಬ್ಬಾನ ದನಿ," ಎಂದರು ಹಯಾತ್ ಸಾಬ್ರು ಮೆಲ್ಲಗೆ, ತಲೆಯ ಟೋಪಿ ಸರಿಮಾಡಿಕೊಂಡು. ಆಮೇಲೆ ಆ ದನಿ, "ಆರ್ ಮತ್ತೊಂದು!" ಎಂದು ಕರೆಯಿತು.

"ನನ್ ಸೊಸೆ ಕುಂತವ್ಳೆ," ಎಂದಳು ಕೆಂಪಾಜಮ್ಮ.

ಲವೀನಾ ಬೆಳಕನ್ನು ಒಳಗಿನ ಪದರಕ್ಕೆ ಇಳಿಸಿದಳು. ಅದು ಮುಂದಿನ ವರ್ಷದ್ದು. ಆರ್ ಮತ್ತೊಂದು! ನನ್ ಸೊಸೆ ಕುಂತವ್ಳೆ. ಮತ್ತೂ ಒಳಕ್ಕೆ. ದನಿ ಸ್ವಲ್ಪ ಮುದಿಯಾಗಿತ್ತು, ಕೆಮ್ಮು ಸೇರಿತ್ತು, ಮಾತು ಮಾತ್ರ ಅದೇ.

"ಒಂಬತ್ತು ವರ್ಷ, ದಿನಾ," ಎಂದಳು ಲವೀನಾ. "ಒಂದು ಪದರದಲ್ಲೂ ಅವರು 'ಕುಂತೆ' ಎನ್ನಲಿಲ್ಲ."

ಚಂದ್ರಮೌಳಿ ಕನ್ನಡಕ ತೆಗೆದು ಒರೆಸಿದರು. ಆದರೂ ನಿಯಮ ನಿಯಮವೇ. "ಒಂದು ಮಾತು ಕೇಳಲೇಬೇಕಮ್ಮ. ಆ ಹೊತ್ತಿಗೆ, ಬೆಳಿಗ್ಗೆ ಆರಕ್ಕೆ, ನೀವು ನಿಜವಾಗಿ ಅಲ್ಲಿ ಕೂತಿದ್ದಿರಾ?"

ದೇವೀರಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿದಳು. ಸಾಬ್ರು ಕೆಮ್ಮಿದರು. ಕೂತಿದ್ದೆ ಎಂದರೆ ಸಾಕು, ಕೆದಕಿ ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

"ಇಲ್ಲ ಸ್ವಾಮಿ. ಆಗ ಮನೇಲಿ ಒಲೆ ಮುಂದೆ ಇರ್ತಿದ್ದೆ. ನಾನು ಬರ್ತಿದ್ದದ್ದು ಆಮೇಲೆ. ಅದು ನಮ್ಮತ್ತೆ ಸುಳ್ಳು."

"ಸುಳ್ಳೇನು ಬಂತು!" ಎಂದು ಸಾಬ್ರು ಮುಂದಕ್ಕೆ ಬಂದರು. "ಸಾಹೇಬ್ರೇ, ನಮ್ಮ ಸಾಲಿನ ಕಾನೂನು ನಾನು ಹೇಳ್ತೀನಿ. ಯಾರ ಹೆಸರಲ್ಲಿ ಉತ್ತರ ಬರುತ್ತೋ ಕಟ್ಟೆ ಅವರದು. ಕೂಗಿದೋರು ಒಪ್ಪಿ ಮುಂದಕ್ಕೆ ಹೋದ್ರೆ ಕುಂತಂಗೇ. ನಮ್ಮ ಅಬ್ಬಾ ಕಣ್ಣಿಲ್ದೋರಾ? ಪಕ್ಕದ ಕಟ್ಟೇಲಿ ಸೊಸೆ ಇಲ್ಲ, ಅತ್ತೆ ಕುಂತವ್ಳೆ ಅಂತ ಅವರಿಗೆ ಕಾಣ್ತಿರ್ಲಿಲ್ವಾ? ಕಂಡೂ ಎಂಟು ಅಂದವ್ರೆ. ಆ ಮುದುಕಿ ತನ್ನ ಕಟ್ಟೆನ ಮಗನಿಗೆ ಕೊಡ್ಲಿಲ್ಲ, ಸೊಸೆಗೆ ಕೊಟ್ಳು. ದಿನಾ ಒಂದ್ಸಲ ಕೊಟ್ಳು. ಇವಳಿಗೆ ಮಾತ್ರ ಹೇಳ್ಲಿಲ್ಲ."

ಚಂದ್ರಮೌಳಿ ನಿಯಮದ ಪುಸ್ತಕ ತಿರುವಿದರು. 'ಆಯಾ ಸಾಲಿನ ರೂಢಿಯೇ ಪ್ರಮಾಣ' ಎಂಬ ಸಾಲು ಅವರಿಗೆ ಸಿಕ್ಕಿತು. ಸಿಕ್ಕಿದ್ದಕ್ಕೆ ಎಲ್ಲರಿಗಿಂತ ಹೆಚ್ಚು ಸಮಾಧಾನವಾದದ್ದು ಅವರಿಗೇ ಇರಬೇಕು. ಪೆನ್ನು ತೆಗೆದು, ಸಂಖ್ಯೆಯ ಜಾಗದಲ್ಲಿ ಏನು ಬರೆಯುವುದೆಂದು ತಡೆದು, ದೇವೀರಮ್ಮನ ಮುಖ ನೋಡಿ, 'ಆರು ಮತ್ತೊಂದನೆಯ ಕಟ್ಟೆ, ಹಕ್ಕುದಾರರು ಶ್ರೀಮತಿ ದೇವೀರಮ್ಮ' ಎಂದು ದುಂಡಗೆ ಬರೆದರು.

ಲವೀನಾ ಬಂದು ದೇವೀರಮ್ಮನ ಕೈ ಹಿಡಿದುಕೊಂಡಳು. "ಹೊಸ ಮಾರ್ಕೆಟ್ಟಿನಲ್ಲಿ ಈ ಹಲಗೆ ನಿಮ್ಮ ಬೆನ್ನ ಹಿಂದೆಯೇ ಬರುತ್ತದೆ ಅಮ್ಮ. ಬೇಕಾದರೆ ಆ ಮಾರಾಣಿ ಮಾತನ್ನು ಕೇಳದ ಹಾಗೆ ಮಾಡಿ ಕೊಡುತ್ತೇನೆ."

"ಬ್ಯಾಡ ಕಣವ್ವ. ಇರ್ಲಿ ಬುಡು, ಎರಡೂ ಇರ್ಲಿ," ಎಂದಳು ದೇವೀರಮ್ಮ.

ದಾರಿಯುದ್ದಕ್ಕೂ ಸಾಬ್ರು ಏನೇನೋ ಹೇಳುತ್ತಿದ್ದರು, ಅವಳಿಗೆ ಒಂದೂ ಕಿವಿಗೆ ಬೀಳಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಮನೆ ಸೇರಿದಾಗ ರಾಚಯ್ಯ ಮಂಡಿಗೆ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದ. ಅವಳ ಕೆಂಪಾದ ಕಣ್ಣು ನೋಡಿ ಅವನ ಮುಖ ಇಳಿಯಿತು.

"ಹೋಗ್ಲಿ ಬಿಡು. ಕೊಡ್ಲಿಲ್ವಾ?"

"ಕೊಟ್ರು. ನನ್ನ ಹೆಸರಲ್ಲೇ ಕೊಟ್ರು."

"ಮತ್ಯಾಕೆ ಹಿಂಗಿದ್ದೀಯ?"

"ನಿಮ್ಮವ್ವ ನನ್ನ ಮೇಲೆ ಸುಳ್ಳು ಹೇಳವ್ಳೆ ಕಣ್ರೀ. ಒಂದು ದಿನ ಅಲ್ಲ, ಎರಡು ದಿನ ಅಲ್ಲ. ಒಂಬತ್ತು ವರ್ಷ, ದಿನಾ ಬೆಳಿಗ್ಗೆ, ಇಡೀ ಸಾಲಿಗೆ ಕೇಳೋ ಹಂಗೆ."

ರಾಚಯ್ಯ ಹಣೆ ಒತ್ತಿಕೊಂಡ. ಮದುವೆಯಾದಾಗಿಂದ ಈ ಇಬ್ಬರ ನಡುವೆ ಸಿಕ್ಕಿ ಅಡಕತ್ತರಿಯ ಅಡಿಕೆಯಾಗಿದ್ದವನು ಅವನು. "ಅವ್ವ ಸತ್ತು ಇಪ್ಪತ್ತು ವರ್ಷ ಆಯ್ತಲ್ಲೇ, ಇನ್ನೂ ಮುಗೀಲಿಲ್ವಾ ನಿಮ್ಮಿಬ್ಬರದು? ಏನಂತ ಹೇಳವ್ಳೆ?"

ದೇವೀರಮ್ಮ ಹೇಳಲು ಹೋದಳು, ನಗು ಬಂತು. ನಗುತ್ತ ಹೊಸ್ತಿಲ ಮೇಲೇ ಕೂತುಬಿಟ್ಟಳು. ಕೂತ ಮೇಲೆ ಅಳು ಬಂತು. ರಾಚಯ್ಯ ಗಾಬರಿಯಾಗಿ ಕುಂಟಿಕೊಂಡು ಹೋಗಿ ಒಂದು ಚೊಂಬು ನೀರು ತಂದ. ಅವಳು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಅವನನ್ನು ನೋಡಿದಳು.

"ನಾನು ಹೊತ್ತಿಗೆ ಸರಿಯಾಗಿ ಬಂದಿದ್ದೀನಿ ಅಂತ."